ಹನ್ನೆರಡು ಜೊತೆ ಕಾಲುಚೀಲ

"ಹಾಡ್ರೇ ಮುಂಡೇರಾ! ಬಾಯಿ ನಿಂತ್ರೆ ಹಣ್ಣು ಮುಕ್ತಾ ಅವ್ರೆ ಅಂತ್ಲೇ ಅರ್ಥ!"

ಮೇಸ್ತ್ರಿ ಲೊರೆನ್ಸು ಮೇಲಿನ ಕಟ್ಟೆಯಲ್ಲಿ ನಿಂತು ಕೋಲು ಬೀಸುತ್ತಿದ್ದ. ದೊಂ ಗಾಸ್ಪಾರ್ ಧಣಿಯ ದ್ರಾಕ್ಷಿ ತೋಟದಲ್ಲಿ ಕೊಯ್ಲಿಗೆ ಬಂದ ಹೆಂಗಸರು ಬೆಳಗಿನಿಂದ ಬೈಗಿನವರೆಗೆ ಹಾಡುತ್ತಲೇ ಇರಬೇಕು. ಹಾಡುವ ಬಾಯಿ ಅಗಿಯಲಾರದು ಎಂಬುದು ಧಣಿಯ ಅಪ್ಪ ಕಂಡುಹಿಡಿದ ಶಾಸ್ತ್ರ. ಹಾಗಾಗಿ ನಾವು ಹನ್ನೆರಡು ಮಂದಿ ಮಾತೆ ಮರಿಯಾಳ ಸ್ತುತಿಯಿಂದ ಶುರುಮಾಡಿ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಲೊರೆನ್ಸುವಿನ ಅವ್ವನ ಚರಿತ್ರೆಗೆ ಇಳಿದಿರುತ್ತಿದ್ದೆವು. ನಮ್ಮ ಬೆಟ್ಟದ ಮಾತು ಅವನಿಗೆ ತಿಳಿಯುತ್ತಿರಲಿಲ್ಲ. ರಾಗ ಚೆನ್ನಾಗಿದ್ದರೆ ತಲೆದೂಗುತ್ತಿದ್ದ.

"ಏಯ್ ಕಿತೇರಿಯಾ! ನಿನ್ ಕೆನ್ನೆ ಯಾಕೆ ಉಬ್ಬೈತೆ? ಬಾಯ್ ಬುಡು!"

"ಹಲ್ಲುನೋವು ಕಣಣ್ಣೋ."

"ಬುಡು ಅಂದ್ರೆ ಬುಡ್ಬೇಕು, ಲೌಡಿ."

ಕಟ್ಟೆ ಇಳಿದು ಬಂದವನೇ ಎರಡು ಬೆರಳು ನನ್ನ ಬಾಯಿಗೆ ತುರುಕಿ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನ ಹಾಗೆ ಅತ್ತ ಇತ್ತ ತಡಕಾಡಿದ. ಕಚ್ಚಬಹುದಿತ್ತು. ಆದರೆ ನಿಜಕ್ಕೂ ಹಲ್ಲು ನೋಯುತ್ತಿತ್ತು. ಏನೂ ಸಿಗದೆ, ಬೆರಳನ್ನು ನನ್ನ ತಲೆವಸ್ತ್ರಕ್ಕೇ ಒರೆಸಿಕೊಂಡ.

"ಏನ್ ಸಿಕ್ತು ಮೇಸ್ತ್ರಿ?" ಅಂದಳು ಬ್ರೀಜಿದಜ್ಜಿ. ನಮ್ಮ ಗುಂಪಿಗೆ ಹಿರಿಯಳು ಅವಳೇ. ಬಾಯಲ್ಲಿ ಉಳಿದಿದ್ದವು ಮೂರು ಹಲ್ಲು, ಮೂರೂ ಹರಿತ. "ಬಾ, ನನ್ ಬಾಯ್ಗೂ ಕೈ ಆಕು. ನಲವತ್ತು ವರ್ಸದಿಂದ ಕಾಯ್ತಾ ಇವ್ನಿ."

ಹೆಂಗಸರೆಲ್ಲ ಕಿಸಕ್ಕೆಂದರು. ಲೊರೆನ್ಸು ಉಗಿದು ಕಟ್ಟೆ ಹತ್ತಿದ.

ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ನಾವು ಬೆಟ್ಟದಿಂದ ಮೂರು ದಿನ ನಡೆದು ದೋರು ಹೊಳೆಯ ಈ ದಂಡೆಗೆ ಇಳಿಯುತ್ತೇವೆ. ಮುಂದೆ ಒಂದು ತಮಟೆ, ಹಿಂದೆ ನಮ್ಮ ಹರಕಲು ಗಂಟುಗಳು. ಹೆಂಗಸರು ಹಣ್ಣು ಕೊಯ್ಯುವುದು, ಗಂಡಸರು ಹಣೆಗೆ ಪಟ್ಟಿ ಕಟ್ಟಿ ಬುಟ್ಟಿ ಹೊರುವುದು. ಬುಟ್ಟಿ ಹೊತ್ತು ಸೊಂಟ ಬಿದ್ದುಹೋದ ಮೇಲೆ ಅದೇ ಗಂಡಸರು ಕಲ್ಲಿನ ತೊಟ್ಟಿಗಿಳಿದು, ತೋಳಿಗೆ ತೋಳು ಹೆಣೆದು ಸಾಲಾಗಿ ನಿಂತು ಹಣ್ಣು ತುಳಿಯುವುದು. ಊಟಕ್ಕೆ ಕಲ್ಲಿನಂಥ ಜೋಳದ ರೊಟ್ಟಿ, ಇಬ್ಬರಿಗೆ ಒಂದು ಉಪ್ಪು ಮೀನು. ಇವತ್ತು ತಲೆ ತಿಂದವಳಿಗೆ ನಾಳೆ ಬಾಲ.

ತೊಟ್ಟಿಗೆ ಮಾತ್ರ ಹೆಂಗಸರು ಇಳಿಯುವಂತಿಲ್ಲ. ಹೆಣ್ಣಿನ ಕಾಲು ತಾಕಿದರೆ ರಸ ಹುಳಿತು ವಿನಿಗರ್ ಆಗುತ್ತದಂತೆ. ಗಂಡಸಿನ ಕಾಲಿನ ಆಣಿ, ಕಜ್ಜಿ, ಕತ್ತೆ ಲದ್ದಿ ಎಲ್ಲವನ್ನೂ ರಸ ಸಹಿಸಿಕೊಳ್ಳುತ್ತದೆ. ನಾನು ಚಿಕ್ಕವಳಿದ್ದಾಗ ತೊಟ್ಟಿಯ ಅಂಚಿನಿಂದ ಇಣುಕಿದ್ದಕ್ಕೇ ಪಾದ್ರಿ ಕಪಾಳಕ್ಕೆ ಬಾರಿಸಿದ್ದ. ಈ ದಂಡೆಯಲ್ಲಿ ಯಾವ ತೋಟದ ತೊಟ್ಟಿಗಾದರೂ ಹೆಣ್ಣು ಕಾಲಿಟ್ಟಳೆಂಬ ಸುದ್ದಿ ಹಬ್ಬಿದರೆ, ಆ ತೋಟದ ಮದ್ಯವನ್ನು ದೋಣಿಯವನೂ ಮುಟ್ಟುವುದಿಲ್ಲ.

ಕೆಳಗಿನಿಂದ ನನ್ನ ಗಂಡ ಅಮಾರು ಖಾಲಿ ಬುಟ್ಟಿ ಹೊತ್ತು ಬಂದ. ತುಳಿಯುವಾಗ "ಎಡ... ಬಲ..." ಎಂದು ತಾಳ ಕೂಗುವವನು ಅವನೇ. ಇಪ್ಪತ್ತು ಜನ ಗಂಡಸರ ನಲವತ್ತು ಕಾಲು ಅವನ ಗಂಟಲಿನ ಮೇಲೆ ಏಳುತ್ತವೆ, ಬೀಳುತ್ತವೆ. ಮನೆಯಲ್ಲಿ ಮಾತ್ರ ಅವನ ಗಂಟಲು ನಡೆಯುವುದಿಲ್ಲ.

"ಏನ್ಲಾ ಅಮಾರು, ಮುಖ ಯಾಕೆ ಸುಟ್ಟ ಬದನೇಕಾಯಿ ಆಗೈತೆ?"

"ಇಟ್ಟಿನ್ ತಲೆ ಬಂದೈತೆ ಕಣೇ, ತೋಟದ ಬಾಗ್ಲಿಗೆ," ಅಂದ ಮೆಲ್ಲಗೆ. "ನಾಕ್ ಜನ ಸಿಪಾಯಿಗೋಳು ಬೇರೆ."

ಲಿಸ್ಬನ್ನಿನ ಮಂತ್ರಿ ಕಳಿಸಿದ ತನಿಖಾಧಿಕಾರಿಗೆ ನಾವಿಟ್ಟಿದ್ದ ಹೆಸರು ಅದು. ತಲೆಗೆ ಬಿಳೀ ಕುರಿಯಂಥ ಟೋಪನ್ನು, ಅದರ ಮೇಲೆ ಹಿಟ್ಟು. ಅದನ್ನು ಒದರಿ ನಾದಿದರೆ ಎರಡು ರೊಟ್ಟಿ ಆಗುತ್ತಿತ್ತು.

ಅವನು ಬಂದಿದ್ದು ಸಬುಗು ಹಣ್ಣಿಗಾಗಿ. ಸಬುಗು ಎಂದರೆ ಬೇಲಿಯಲ್ಲಿ ತಾನೇ ಬೆಳೆಯುವ ಗಿಡ, ಮೆಣಸಿನಕಾಳಿನಷ್ಟು ಕಪ್ಪು ಹಣ್ಣು. ಅದರ ಹೂವಿನ ಕಷಾಯದಿಂದ ಬ್ರೀಜಿದಜ್ಜಿ ಅರ್ಧ ಬೆಟ್ಟದ ಜ್ವರ ಇಳಿಸಿದ್ದಾಳೆ. ಧಣಿಗಳು ಮಾತ್ರ ಹಣ್ಣನ್ನು ಒಣಗಿಸಿ ಚೀಲಕ್ಕೆ ತುಂಬಿ ತೊಟ್ಟಿಯ ತಳಕ್ಕೆ ಹಾಕಿಸುತ್ತಾರೆ. ತೆಳ್ಳನೆಯ ರಸವೂ ಎತ್ತಿನ ರಕ್ತದಂತೆ ಗಾಢವಾಗುತ್ತದೆ, ಇಂಗ್ಲಿಷಿನವರು ದುಡ್ಡು ಸುರಿಯುತ್ತಾರೆ. ಇದು ಮೋಸ ಎಂದು ಮಂತ್ರಿಗೆ ತಿಳಿಯಿತು. ಅವನು ಮದ್ಯದ ವ್ಯಾಪಾರಕ್ಕೊಂದು ಸರ್ಕಾರಿ ಕಂಪನಿ ಕಟ್ಟಿದ, ತೋಟಗಳ ಸುತ್ತ ಗಡಿಗಲ್ಲು ನೆಡಿಸಿದ, ಈ ನಾಡಿನ ಸಬುಗು ಗಿಡಗಳನ್ನೆಲ್ಲ ಬೇರುಸಹಿತ ಕೀಳಿಸಿದ. ಆದರೂ ಧಣಿಗಳು ಗಡಿಯಾಚೆಯಿಂದ ಕದ್ದು ತರಿಸುತ್ತಾರೆ. ಹಣ್ಣು ಬೆರೆಸಿ ಸಿಕ್ಕಿಬಿದ್ದವನಿಗೆ ಚಾಟಿ, ಆಮೇಲೆ ಅಂಗೋಲಾದ ಹಡಗು. ಅಂಗೋಲಾಕ್ಕೆ ಹೋದವನು ಹೇಗಿದ್ದಾನೆ ಎಂದು ಇವತ್ತಿನವರೆಗೆ ನಮ್ಮ ಬೆಟ್ಟಕ್ಕೆ ಯಾರೂ ಬಂದು ಹೇಳಿಲ್ಲ.

"ಬರ್ಲಿ ಬುಡು," ಅಂದೆ. "ನಮ್ಗೇನು? ಚೀಲ ಧಣೀದು."

"ಮೂರ್ ಚೀಲದಾಗೆ ಎಲ್ಡು ಬೆಳಿಗ್ಗೇನೇ ತೊಟ್ಟಿ ತಳಕ್ಕೆ ಓಗೈತೆ. ಇನ್ನೊಂದು ಐತೆ. ಒಳೆಗೆ ಎಸುದ್ಬುಡು ಅಂತ ಮೇಸ್ತ್ರಿ ನಂಗೇ ಯೋಳವ್ನೆ."

"ಅವ್ನ ಅಪ್ಪಂಗೆ ಯೋಳು ಅನ್ನು."

"ಅನ್ನಕ್ಕಾಯ್ತದಾ?"

ಹೋದ. ಅವನ ಬೆನ್ನು ಬಳ್ಳಿಗಳ ನಡುವೆ ಮರೆಯಾಗುವವರೆಗೂ ನೋಡಿದೆ. ಆಮೇಲೆ ಮೇಸ್ತ್ರಿ ಕೂಗಿದ, ನಾನು ಹಾಡಿದೆ.

ಒಂದು ಸಾಲು ಕೊಯ್ದು ಮುಗಿಸಿರಲಿಲ್ಲ, ನೀರಿಗೆ ಹೋಗಿದ್ದ ನಮ್ಮ ಕಿರಿಯಳು ದೆಲ್ಫಿನಾ ಕೆಳಗಿನಿಂದ ಓಡಿಬಂದಳು. ತಲೆವಸ್ತ್ರ ಕುತ್ತಿಗೆಗೆ ಜಾರಿತ್ತು.

"ಅಕ್ಕೋ, ಅಮಾರಣ್ಣನ್ನ ಇಡ್ಕೊಂಡ್ರು! ಒಳೆ ದಾರೀಲಿ, ಎಗ್ಲ ಮೇಲೆ ಚೀಲ ಇತ್ತಂತೆ!"

ಹನ್ನೊಂದು ಬಾಯಿಗಳೂ ಒಟ್ಟಿಗೆ ನಿಂತವು. ಆ ತೋಟ ಅಷ್ಟು ಸುಮ್ಮನಾದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹಣ್ಣಿನ ಮೇಲಿನ ಕಣಜಗಳ ಸದ್ದೂ ಕಿವಿಗೆ ಬಿತ್ತು. ಲೊರೆನ್ಸು ಆಗಲೇ ಅತ್ತ ಓಡಿದ್ದ, "ಹಾಡ್ರೇ" ಅನ್ನುವವರೇ ಇರಲಿಲ್ಲ. ಬ್ರೀಜಿದಜ್ಜಿ ಕುಡುಗೋಲು ಬುಟ್ಟಿಗೆ ಹಾಕಿ, "ನಡೀರೇ" ಅಂದಳು.

ತೊಟ್ಟಿಮನೆ ಎಂದರೆ ಹೆಂಚಿನ ಉದ್ದ ಕೊಟ್ಟಿಗೆ, ಒಳಗೆ ಎದೆಯೆತ್ತರದ ಕಲ್ಲಿನ ತೊಟ್ಟಿ. ಅಧಿಕಾರಿ ಕಣ್ಣಾರೆ ನೋಡಲಿ ಎಂದು ಧಣಿ ಆ ದಿನ ಮಧ್ಯಾಹ್ನಕ್ಕೇ ತುಳಿತ ಇಡಿಸಿದ್ದ. ಗಂಡಸರು ತೊಟ್ಟಿಯೊಳಗೆ ತೊಡೆಮಟ್ಟ ಹಣ್ಣಿನಲ್ಲಿ ತೋಳು ಹೆಣೆದು ನಿಂತಿದ್ದರು. ತಾಳ ಕೂಗುವವನು ಇಲ್ಲದೆ ಯಾರಿಗೂ ಕಾಲೆತ್ತಲು ತಿಳಿಯುತ್ತಿರಲಿಲ್ಲ. ತಾಳ ಕೂಗುವವನನ್ನು ಗಾಣದ ಕಂಬಕ್ಕೆ ಕಟ್ಟಿದ್ದರು. ತುಟಿ ಒಡೆದಿತ್ತು.

ಎದುರಿಗೆ ಮೇಜು, ಮೇಜಿನ ಮೇಲೆ ಆಲಿವ್ ಎಣ್ಣೆಯಲ್ಲಿ ತೇಲುವ ಒಣಮೀನು, ಬಿಳೀ ರೊಟ್ಟಿ. ಹಿಟ್ಟಿನ ತಲೆ ಮೀನಿನ ಮುಳ್ಳು ಬಿಡಿಸುತ್ತಿದ್ದ. ದೊಂ ಗಾಸ್ಪಾರ್ ಧಣಿ ಅವನ ಲೋಟಕ್ಕೆ ಬಗ್ಗಿಸುತ್ತ ತನ್ನ ಬಣ್ಣನೆ ತಾನೇ ಮಾಡಿಕೊಳ್ಳುತ್ತಿದ್ದ.

"ನಮ್ಮ ಮನೆಯಲ್ಲಿ ಮೂಢನಂಬಿಕೆಗೆ ಜಾಗವೇ ಇಲ್ಲ ಸ್ವಾಮಿ. ಗುಡುಗು ಬಂದಾಗ ಸಾಂತಾ ಬಾರ್ಬರಾಗೆ ಮೇಣದಬತ್ತಿ ಹಚ್ಚುವುದನ್ನೂ ನಿಲ್ಲಿಸಿಬಿಟ್ಟಿದ್ದೇನೆ. ಮಂತ್ರಿಗಳು ಆ ಜೆಸ್ವಿತ್ ಪಾದ್ರಿಗಳನ್ನು ಹಡಗು ಹತ್ತಿಸಿದ ದಿನ ನಾನು ಮೂರು ಪೀಪಾಯಿ ಒಡೆಸಿದೆ."

"ಒಳ್ಳೆಯದು, ಒಳ್ಳೆಯದು. ವಿಚಾರವಂತರ ಕಾಲ ಇದು." ಹಿಟ್ಟಿನ ತಲೆ ಬಾಯಿ ಒರೆಸಿಕೊಂಡು ಎದ್ದ. ದನಿ ಮೆತ್ತಗೆ, ಗದರುವ ಜಾತಿಯಲ್ಲ. ಜೇಬಿನಿಂದ ಬಿಳೀ ಕರವಸ್ತ್ರ ತೆಗೆದು ಅಮಾರುವಿನ ತೊಡೆಗೆ ಉಜ್ಜಿದ. ಕರವಸ್ತ್ರ ನೇರಳೆ ಬಣ್ಣಕ್ಕೆ ತಿರುಗಿತು. ಎಲ್ಲರಿಗೂ ಎತ್ತಿ ತೋರಿಸಿದ. "ನೋಡಿ. ನಾವು ಯಾರದೋ ಮಾತು ಕೇಳಿ ಶಿಕ್ಷೆ ಕೊಡುವವರಲ್ಲ. ಪುರಾವೆ ಬೇಕು. ಇದು ಪುರಾವೆ."

ತೊಟ್ಟಿಯಲ್ಲಿದ್ದ ಗಂಡಸರೆಲ್ಲ ತಮ್ಮ ತಮ್ಮ ತೊಡೆ ನೋಡಿಕೊಂಡರು. ಎಲ್ಲವೂ ಅದೇ ಬಣ್ಣ.

"ಸ್ವಾಮಿ, ಚೀಲ ನಂದಲ್ಲ," ಅಂದ ಅಮಾರು. "ಬುದ್ದಿಯೋರ್ದು. ಎಸಿ ಅಂದ್ರು, ಎತ್ಕೊಂಡೋದೆ."

ಲೊರೆನ್ಸುವಿನ ಕೈ ಅವನ ಬಾಯಿಗೆ ಬಿತ್ತು. "ಉಂಡ ಮನೆಗೇ ಎರಡು ಬಗೀತೀಯಾ, ಬೋಳಿಮಗನೆ!"

ಧಣಿ ನಿಟ್ಟುಸಿರು ಬಿಟ್ಟ. "ಬೆಟ್ಟದ ಜನ ಸ್ವಾಮಿ. ಅನ್ನ ಹಾಕಿದ್ದೇನೆ. ಬಟ್ಟೆಗೆ ಬಣ್ಣ ಕಟ್ಟಲೋ ಏನೋ ಕದ್ದು ತಂದಿಟ್ಟುಕೊಂಡಿದ್ದಾನೆ. ನನ್ನ ತೋಟಕ್ಕೆ ಕೆಟ್ಟ ಹೆಸರು."

"ಹೆದರಬೇಡ," ಎಂದು ಹಿಟ್ಟಿನ ತಲೆ ಅಮಾರುವಿಗೇ ಸಮಾಧಾನ ಹೇಳಿದ. "ಈಗ ಕಾನೂನಿಗೆ ಎಲ್ಲರೂ ಒಂದೇ. ದೊಡ್ಡ ದೊಡ್ಡ ಕುಲದವರನ್ನೇ ವಧಾಸ್ಥಾನ ಹತ್ತಿಸಿದ್ದೇವೆ. ಚಾಟಿ ಪೋರ್ತು ಊರಿನಲ್ಲಿ, ಅಲ್ಲಿಂದ ಹಡಗು. ಅಂಗೋಲಾದಲ್ಲಿ ಕೆಲಸ ಮಾಡುವವರು ಬೇಕಾಗಿದ್ದಾರೆ." ಗುಮಾಸ್ತ ಬರೆದುಕೊಂಡ. ಅಮಾರುವಿನ ಊರೇನು ಎಂದು ಕೇಳಿದ, ಹೇಳಿದರೆ ಅದನ್ನು ಹೇಗೆ ಬರೆಯುವುದೆಂದು ತಿಳಿಯದೆ ಬಿಟ್ಟುಬಿಟ್ಟ.

ಅಮಾರು ನನ್ನ ಕಡೆ ನೋಡಿದ. ಬೈಯಲಿಲ್ಲ, ಅಳಲಿಲ್ಲ. ಮನೆಯಲ್ಲಿ ಹಾಲು ಉಕ್ಕಿಸಿದಾಗ ನೋಡುತ್ತಾನಲ್ಲ, ಹಾಗೆ. ಆ ಮೆತ್ತನೆಯ ದನಿಯವನ ಕಾಲಿಗೆ ಬೀಳಬೇಕು ಎಂದುಕೊಂಡೇ ನಡೆದೆ. ಯೇಸುವಿನ ಆಣೆಗೂ ಬೀಳಬೇಕು ಎಂದೇ ಹೊರಟಿದ್ದೆ. ಆದರೆ ಅವನ ಕಾಲಿನವರೆಗೆ ಹೋಗುವ ದಾರಿಯಲ್ಲಿ ತೊಟ್ಟಿ ಅಡ್ಡ ಸಿಕ್ಕಿತು. ನಾನು ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಇಡುವ ಮೆಟ್ಟಿಲಿನಿಂದ ತೊಟ್ಟಿಯ ಅಂಚು ಹತ್ತಿ ನಿಂತೆ.

ಒಳಗಿದ್ದ ಗಂಡಸರು ಹಾವು ಕಂಡವರಂತೆ ಆ ಮೂಲೆಗೆ ಸರಿದರು. ಒಬ್ಬ ಎದೆಗೆ ಶಿಲುಬೆ ಗುರುತು ಹಾಕಿಕೊಂಡ.

"ಇಳೀಲೇ ಕೆಳಕ್ಕೆ, ಲೌಡಿ!" ಲೊರೆನ್ಸು ನುಗ್ಗಿದ.

"ಮುಟ್ಟು. ಮುಟ್ಟುದ್ರೆ ಒಳಕ್ಕೇ ಬೀಳ್ತೀನಿ."

ಅವನ ಕೈ ಗಾಳಿಯಲ್ಲೇ ನಿಂತಿತು.

"ಬುದ್ದಿ," ಎಂದೆ ಧಣಿಗೆ. ಹಲ್ಲು ಬೇರೆ ಸಿಡಿಯುತ್ತಿತ್ತು. "ಆ ಚೀಲ ಯಾರ್ದು ಅಂತ ಈ ಸ್ವಾಮಿಗೆ ಯೋಳ್ಬುಡಿ. ಯೋಳುದ್ರೆ ಇಳ್ಕೊಂಡ್ ಓಗ್ತೀನಿ. ಇಲ್ದಿದ್ರೆ ನಿಮ್ ಈ ವರ್ಸದ ರಸದಾಗೆ ನನ್ ಕಾಲು ತೊಳೀತೀನಿ."

"ಏನಿದು?" ಹಿಟ್ಟಿನ ತಲೆಗೆ ಅರ್ಥವಾಗಲಿಲ್ಲ. "ಇಳಿದರೆ ಏನಾಗುತ್ತದೆ?"

"ಹೆಂಗಸ್ರ ಕಾಲು ಬಿದ್ರೆ ರಸ ಉಳಿತು ಓಯ್ತದೆ ಸ್ವಾಮಿ," ಅಂದ ಲೊರೆನ್ಸು. "ಇಡೀ ತೊಟ್ಟಿ ಓಯ್ತದೆ. ಒಂದ್ ವರ್ಸದ್ದು!"

ಹಿಟ್ಟಿನ ತಲೆ ಮೊದಲು ನಕ್ಕ, ಆಮೇಲೆ ಅವನ ಕಣ್ಣು ಅರಳಿತು. ಆಟಿಕೆ ಸಿಕ್ಕವನಂತೆ ಧಣಿಯ ಕಡೆ ತಿರುಗಿದ. "ದೊಂ ಗಾಸ್ಪಾರ್, ನೀವು ಇದನ್ನೆಲ್ಲ ನಂಬುತ್ತೀರಾ?"

ಧಣಿ ಬಾಯಿ ತೆರೆದ. ನಂಬುತ್ತೇನೆ ಎಂದರೆ ಮಂತ್ರಿಯ ಮನುಷ್ಯನ ಮುಂದೆ ಗೊಡ್ಡು ಮನುಷ್ಯನಾಗುತ್ತಾನೆ. ಈಗಷ್ಟೇ ಸಾಂತಾ ಬಾರ್ಬರಾಳ ಮೇಣದಬತ್ತಿ ಆರಿಸಿ ಕೂತವನು. ನಂಬುವುದಿಲ್ಲ ಎಂದರೆ ನಾನು ಇಳಿಯುತ್ತೇನೆ. ಅವನ ಹಣೆಯ ಮೇಲೆ ಬೆವರು ಹನಿ ಹನಿಯಾಗಿ ಕೂತಿತು.

"ನಾನೇ? ಛೆ, ಛೆ. ಎಲ್ಲಾದರೂ ಉಂಟೇ."

"ಹಾಗಿದ್ದರೆ ಇಳಿಯಲಿ ಬಿಡಿ! ಒಂದು ಪ್ರಯೋಗ ಆಗಿಹೋಗಲಿ. ಅಪರೂಪದ ಅವಕಾಶ." ಹಿಟ್ಟಿನ ತಲೆ ಜೇಬಿನಿಂದ ಗಡಿಯಾರ ತೆಗೆದು ಮುಚ್ಚಳ ಬಿಚ್ಚಿದ. "ಇಳಿಯಮ್ಮ, ಇಳಿ."

ನನಗೂ ಒಂದು ಕ್ಷಣ ದಿಕ್ಕು ತೋಚಲಿಲ್ಲ. ಬೆದರಿಸಲು ಹತ್ತಿದವಳಿಗೆ ಅಧಿಕಾರಿಯೇ ಇಳಿ ಎನ್ನುತ್ತಿದ್ದಾನೆ. ಅಂಚಿನ ಮೇಲೆ ಕೂತು ಒಂದು ಕಾಲನ್ನು ಮೆಲ್ಲಗೆ ಕೆಳಗೆ ಬಿಟ್ಟೆ. ಹೆಬ್ಬೆರಳಿಗೂ ಹಣ್ಣಿಗೂ ನಡುವೆ ಒಂದು ಗೇಣು ಉಳಿಯಿತು. ಧಣಿಯ ಕಣ್ಣು ಆ ಗೇಣಿನಲ್ಲೇ ನೆಟ್ಟಿತ್ತು. ಗೇಣು ಅರ್ಧವಾಯಿತು.

"ಚೀಲ ನಂದು!" ಧಣಿ ಕಿರುಚಿದ.

ಎಲ್ಲರೂ ಅವನ ಕಡೆ ನೋಡಿದರು.

"ಅಂದರೆ... ಈಗ ನೆನಪಾಯಿತು ಸ್ವಾಮಿ. ನಮ್ಮ ಅತ್ತೆಯದು. ಅವರಿಗೆ ಕೆಮ್ಮು. ಸಬುಗು ಕಷಾಯ ಕುಡಿಯುತ್ತಾರೆ. ಈ ಮುಠ್ಠಾಳ ತಿಳಿಯದೆ ಹೊತ್ತುಕೊಂಡು ಹೋಗಿದ್ದಾನೆ."

ಅವನ ಅತ್ತೆ ಸತ್ತು ಎರಡು ವರ್ಷವಾಗಿತ್ತು. ಪೆಟ್ಟಿಗೆ ಹೊತ್ತವರಲ್ಲಿ ಅಮಾರುವೂ ಒಬ್ಬ.

ನನಗೆ ಉಸಿರು ಬಂತು. ಈಗ ಧಣಿಯ ಹೆಸರು ಬರೆಯುತ್ತಾರೆ, ಧಣಿಗೆ ಚಾಟಿ, ಧಣಿಗೆ ಹಡಗು ಎಂದುಕೊಂಡೆ. ಕಾನೂನಿಗೆ ಎಲ್ಲರೂ ಒಂದೇ ಎಂದು ಹೇಳಿ ಇನ್ನೂ ಅವನ ಎಂಜಲು ಆರಿರಲಿಲ್ಲ.

ಹಿಟ್ಟಿನ ತಲೆ ಗುಮಾಸ್ತನ ಕೈಯಿಂದ ಕಾಗದ ತೆಗೆದುಕೊಂಡ. ಓದಿದ. ನಾಲ್ಕು ಮಡಿಕೆ ಮಡಿಸಿ ತೋಳಿನ ಜಾಲರಿಯೊಳಗೆ ಸಿಕ್ಕಿಸಿದ. "ಅತ್ತೆಯವರಿಗೆ ಬೇಗ ಗುಣವಾಗಲಿ," ಎಂದ. "ನಿಮ್ಮಂಥವರ ಮನೆಯಲ್ಲಿ ಏನೋ ತಪ್ಪು ತಿಳಿವಳಿಕೆ ಆಗಿದೆ. ಮೀನು ಆರುತ್ತಿದೆ, ಬನ್ನಿ."

ಮುಗಿಯಿತು. ಸಿಪಾಯಿ ಹಗ್ಗ ಬಿಚ್ಚಿದ. ಅಮಾರು ಮಣಿಕಟ್ಟು ಉಜ್ಜಿಕೊಳ್ಳುತ್ತ ನಿಂತ.

ಅದೇ ಚೀಲ. ಅಮಾರುವಿನ ಹೆಗಲ ಮೇಲಿದ್ದಾಗ ಅದಕ್ಕೆ ಚಾಟಿಯ ಭಾರ, ಸಮುದ್ರದ ಭಾರ. ಸತ್ತ ಮುದುಕಿಯ ಕೆಮ್ಮಿಗೆ ಎಂದ ಕೂಡಲೇ ಅದರಲ್ಲಿ ಹಣ್ಣೇ ಇರಲಿಲ್ಲ. ನನಗೆ ಗಂಡ ಸಿಕ್ಕಿದ್ದ. ಕುಣಿಯಬೇಕಿತ್ತು. ಬದಲಿಗೆ ಅವನನ್ನು ಹಿಡಿದಾಗ ಬಾರದ ಸಿಟ್ಟು ಅವನನ್ನು ಬಿಟ್ಟಾಗ ಬಂತು, ಕಿವಿಯವರೆಗೆ ಬಂತು.

"ಕೆಳಗಿಳಿಯೇ ಇನ್ನು," ಅಂದ ಧಣಿ ಹಲ್ಲು ಕಚ್ಚಿ. ಆಮೇಲೆ ಲೊರೆನ್ಸುಗೆ: "ಇವನ ಬಾಯಿಯ ರಕ್ತ ಒರೆಸಿ ತೊಟ್ಟಿಗೆ ಬಿಡು. ತುಳಿತ ತಡವಾಯಿತು."

ನಾನು ಇಳಿದೆ. ಒಳಕ್ಕೆ.

ಮೊದಲು ತಣ್ಣಗಾಯಿತು, ಆಮೇಲೆ ಬೆಚ್ಚಗೆ. ತೊಟ್ಟು ಚುಚ್ಚಿತು, ಸಿಪ್ಪೆ ಜಾರಿತು, ತೊಡೆಯವರೆಗೆ ಹಣ್ಣು ಏರಿತು. ಇಪ್ಪತ್ತೆರಡು ಕೊಯ್ಲು ಈ ಹಣ್ಣನ್ನು ಕೈಯಲ್ಲಿ ಕೊಯ್ದಿದ್ದೇನೆ, ಬೆರಳು ಬಿರಿದು ರಕ್ತ ಬರುವವರೆಗೆ. ಅದು ಕಾಲಿಗೆ ಹೇಗಿರುತ್ತದೆ ಎಂದು ಗೊತ್ತೇ ಇರಲಿಲ್ಲ. ಇಷ್ಟು ಸುಖದ ಕೆಲಸವನ್ನು ಗಂಡಸರು ಇಷ್ಟು ಗೋಳಾಡಿಕೊಂಡು ಮಾಡುತ್ತಾರಲ್ಲ ಎಂದು ನಗು ಬಂತು.

ಆಗ ಹಿಂದಿನಿಂದ ಬ್ರೀಜಿದಜ್ಜಿಯ ದನಿ.

"ಕೈ ಕೊಡೇ ಮಗಾ. ಮಂಡಿ ನೋವು ನಂಗೆ. ಒಬ್ಳೇ ಅತ್ತಕ್ಕಾಗಕ್ಕಿಲ್ಲ."

"ಅಜ್ಜೀ, ನೀನೂನಾ?"

"ಸ್ವಾಮಿಯೋರು ಪ್ರಯೋಗ ಅಂದ್ರಲ್ಲವ್ವ. ಒಬ್ಳ ಕಾಲು ಸಾಲ್ದು ಅದ್ಕೆ." ಅವಳು ಲಂಗ ಎತ್ತಿ, ಕಡ್ಡಿಯಂಥ ಕಾಲನ್ನು ಅಂಚಿಗೆ ಹಾಕಿ, ಮೇಜಿನ ಕಡೆ ತಿರುಗಿ ಮೂರು ಹಲ್ಲು ತೋರಿಸಿದಳು. "ಅಲ್ವಾ ಸ್ವಾಮಿ?"

"ಖಂಡಿತ! ಹೆಚ್ಚು ಜನ ಇದ್ದಷ್ಟೂ ಒಳ್ಳೆಯದು," ಎಂದ ಹಿಟ್ಟಿನ ತಲೆ, ಫೋರ್ಕು ಎತ್ತಿ.

ದೆಲ್ಫಿನಾ ಹಾರಿದಳು. ಮಿಕ್ಕವರು ಒಬ್ಬೊಬ್ಬರಾಗಿ ಹತ್ತಿದರು, ಒಬ್ಬಳು ದೇವರ ಕ್ಷಮೆ ಕೇಳುತ್ತ, ಒಬ್ಬಳು ತನ್ನ ಗಂಡನನ್ನು ಬೈಯುತ್ತ. ಗಂಡಸರಲ್ಲಿ ಅರ್ಧ ಆ ಕಡೆಯಿಂದ ಹಾರಿ ಹೊರಬಿದ್ದರು. ಉಳಿದರ್ಧ ಉಳಿದುಕೊಂಡರು. ನಾವು ತೋಳಿಗೆ ತೋಳು ಹೆಣೆದು ಸಾಲು ಕಟ್ಟಿದೆವು. ಕಟ್ಟುವುದೇನೋ ಕಟ್ಟಿದೆವು, ಮುಂದೆ ಏನು ಮಾಡಬೇಕೆಂದು ಹೆಂಗಸರಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅಮಾರೋ," ಎಂದು ಕೂಗಿದೆ. "ಸುಮ್ಕೆ ನಿಂತಿದ್ದೀಯಲ್ಲ, ತಾಳ ಯೋಳ್ಲಾ!"

ಅವನು ಧಣಿಯ ಮುಖ ನೋಡಿದ, ಲೊರೆನ್ಸುವಿನ ಕೋಲು ನೋಡಿದ, ನನ್ನ ತೊಡೆ ನೋಡಿದ. ಒಡೆದ ತುಟಿಯನ್ನು ನಾಲಿಗೆಯಿಂದ ಸವರಿಕೊಂಡ.

"ಎಡ!" ಎಂದ.

ನಮ್ಮ ಹನ್ನೊಂದು ಎಡಗಾಲು ಮೇಲೆದ್ದವು. ದೆಲ್ಫಿನಾ ಬಲಗಾಲೆತ್ತಿ ಬಿದ್ದಳು, ಎತ್ತಿ ನಿಲ್ಲಿಸಿದೆವು.

"ಬಲ!"

ಹಿಟ್ಟಿನ ತಲೆ ಗಡಿಯಾರ ಹಿಡಿದು ತೊಟ್ಟಿಯ ಸುತ್ತ ಓಡಾಡಿದ. ಸಂತೋಷವೆಂದರೆ ಸಂತೋಷ ಅವನಿಗೆ. ನಿಜ ಹೇಳಬೇಕೆಂದರೆ ಆ ಮನುಷ್ಯನ ಮೇಲೆ ನನಗೆ ದ್ವೇಷ ಕೂಡ ಸರಿಯಾಗಿ ಬರಲಿಲ್ಲ. ಸ್ವಲ್ಪ ಮುಂಚೆ ನನ್ನ ಗಂಡನನ್ನು ಸಮುದ್ರಕ್ಕೆ ಎಸೆಯುವಾಗಲೂ, ಈಗ ನನ್ನ ಕಾಲು ನೋಡುವಾಗಲೂ ಅವನ ಮುಖ ಒಂದೇ ಥರ ಹಸನ್ಮುಖ. ಬಹಳ ಹೊತ್ತಾದ ಮೇಲೆ ಒಂದು ಲೋಟ ಅದ್ದಿ ಬೆಳಕಿಗೆ ಹಿಡಿದ.

"ಬಣ್ಣ ನೋಡಿ! ಸಬುಗು ಇಲ್ಲದೆಯೇ ಎಂಥ ಬಣ್ಣ! ಮಂತ್ರಿಗಳು ಹೇಳಿದ್ದೇ ಇದು."

ಆ ಹೊತ್ತಿಗೆ ನನ್ನ ಅಂಗಾಲಿಗೆ ತಳದಲ್ಲಿ ಗೋಣಿ ಸಿಕ್ಕಿತ್ತು. ಬೆಳಿಗ್ಗೆ ಹಾಕಿದ ಎರಡು ಚೀಲದಲ್ಲಿ ಒಂದು. ಹೇಳಬಹುದಿತ್ತು. ಹೇಳಿದರೆ ಅದಕ್ಕೆ ಮತ್ತೆ ಯಾವ ಬಡವನ ಹೆಗಲು ಹುಡುಕುತ್ತಾರೋ. ಅದರ ಮೇಲೆಯೇ ಎರಡು ಸಲ ಬಲವಾಗಿ ತುಳಿದೆ.

"ದೊಂ ಗಾಸ್ಪಾರ್, ಮೊದಲ ಗುಟುಕು ಯಜಮಾನರದು. ಕುಡಿಯಿರಿ."

ಧಣಿ ಲೋಟ ತೆಗೆದುಕೊಂಡ. ಲೋಟದೊಳಗೆ ನೋಡಿದ. ನನ್ನ ಕಾಲು ನೋಡಿದ, ಬ್ರೀಜಿದಜ್ಜಿಯ ಕಾಲು ನೋಡಿದ, ಅವಳ ಹೆಬ್ಬೆರಳಿನ ಕಪ್ಪು ಉಗುರು ಹಣ್ಣಿನ ಮೇಲೆ ತೇಲಿ ಮುಳುಗುವುದನ್ನು ನೋಡಿದ. ಕಣ್ಣು ಮುಚ್ಚಿ ಕುಡಿದ.

"ಹುಳಿಯಾಗಿದೆಯೆ?"

"ಇಲ್ಲ ಸ್ವಾಮಿ."

"ಮತ್ತೆ?"

"ಸಿಹಿ," ಅಂದ ಧಣಿ.

"ಬರೆದುಕೊಳ್ಳಿ," ಎಂದ ಹಿಟ್ಟಿನ ತಲೆ.

ಮರುದಿನ ಬೆಳಿಗ್ಗೆ ನಮ್ಮನ್ನು ತೋಟದಿಂದ ಓಡಿಸಿದರು. ಕೊಯ್ಲು ಇನ್ನೂ ಅರ್ಧ ಬಾಕಿ ಇತ್ತು. ರೊಟ್ಟಿ ಕೊಡಲಿಲ್ಲ, ಮೀನಿನ ಬಾಲವನ್ನೂ ಕೊಡಲಿಲ್ಲ. ಅಮಾರು ತಮಟೆ ಹೊತ್ತು ಮುಂದೆ, ನಾವು ಹಿಂದೆ. ಬೆಟ್ಟದಲ್ಲಿ ಈ ಚಳಿಗಾಲ ಏನು ತಿನ್ನುವುದೋ ದೇವರೇ ಬಲ್ಲ. ಗಡಿಗಲ್ಲಿನ ಹತ್ತಿರ ಹೊಳೆಯ ದಾರಿಗೆ ತಿರುಗುವಾಗ ಬ್ರೀಜಿದಜ್ಜಿ ನಿಂತು, ಬಗ್ಗಿ, ಲಂಗವನ್ನು ಮಂಡಿಯ ಮೇಲಕ್ಕೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು.

"ಸೆಕೆ," ಅಂದಳು. ಮಂಜು ಇನ್ನೂ ಹೊಳೆಯ ಮೇಲೆಯೇ ಇತ್ತು.

ನಾವೆಲ್ಲ ಎತ್ತಿ ಸಿಕ್ಕಿಸಿದೆವು. ಇಪ್ಪತ್ನಾಲ್ಕು ನೇರಳೆ ಕಾಲು. ಆ ಬಣ್ಣ ಸಾಬೂನಿಗೆ ಬಗ್ಗುವುದಿಲ್ಲ, ಬೂದಿಗೆ ಬಗ್ಗುವುದಿಲ್ಲ, ಮೂರು ವಾರ ಹಾಗೇ ಇರುತ್ತದೆ. ಮುಂದಿನ ದಾರಿಯಲ್ಲಿ ಪೀಪಾಯಿ ತುಂಬುವ ದೋಣಿಕಟ್ಟೆ, ಮೂರು ಹೆಂಡದಂಗಡಿ, ಒಂದು ಇಗರ್ಜಿ, ಇಂಗ್ಲಿಷಿನವರ ದಲ್ಲಾಳಿಯ ಮನೆ.

ಹಿಂದಿನಿಂದ ಯಾರೋ ಏದುಸಿರು ಬಿಡುತ್ತ ಓಡಿಬಂದರು. ಲೊರೆನ್ಸು. ಎರಡು ಕೈಯ ತುಂಬ ಬಿಳೀ ಉಣ್ಣೆ.

"ಅಕ್ಕಾ! ಕಿತೇರಿಯಕ್ಕಾ! ನಿಂತ್ಕೊಳಿ, ನಿಮ್ ದಮ್ಮಯ್ಯ!"

ಇಪ್ಪತ್ತೆರಡು ವರ್ಷದಲ್ಲಿ ಅವನ ಬಾಯಿಂದ ಅಕ್ಕ ಎಂದು ಕೇಳಿದ್ದು ಅದೇ ಮೊದಲು. ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಾದರೂ ಕಿತೇರಿಯಾ ಇದ್ದಾಳೋ ಎಂದು.

"ಏನ್ ಮೇಸ್ತ್ರಿ? ಬಾಯ್ ಬುಡ್ಲಾ?"

"ಕಾಲುಚೀಲ ಅಕ್ಕಾ. ಅನ್ನೆರಡು ಜೊತೆ. ಅಮ್ಮಾವ್ರ ಪೆಟ್ಟಿಗೇದು, ಒಸಾವು. ಬುದ್ದಿಯೋರು ಕಳ್ಸವ್ರೆ. ಆಕ್ಕೊಂಡು ಲಂಗ ಇಳಿಸ್ಕೊಂಡ್ ಓಗ್ರವ್ವ. ದೋಣಿಯೋರು ನೋಡುದ್ರೆ ನಮ್ ತೋಟದ್ದು ಒಂದ್ ಪೀಪಾಯಿ ಎತ್ತಾಕಿಲ್ಲ. ನಿಮ್ ಕಾಲಿಡಿತೀನಿ." ಹಾಗೆಂದವನು ನಿಜಕ್ಕೂ ದಾರಿಯ ಕೆಸರಲ್ಲಿ ಮಂಡಿಯೂರಿ, ಒಂದು ಕಾಲುಚೀಲದ ಬಾಯಿ ಅಗಲಿಸಿ ನನ್ನ ಪಾದದ ಮುಂದೆ ಹಿಡಿದ.

ಒಳ್ಳೆಯ ಉಣ್ಣೆ. ಅಷ್ಟು ಮೆತ್ತನೆಯದನ್ನು ನಾನು ಕಾಲಿಗೆ ಹಾಕಿದವಳಲ್ಲ, ಚಳಿಗಾಲ ಬೇರೆ ಮುಂದಿತ್ತು. ಸುಳ್ಳು ಯಾಕೆ ಹೇಳಲಿ, ಆಸೆಯಾಯಿತು.

ಬ್ರೀಜಿದಜ್ಜಿ ಕೈ ಚಾಚಿ ಒಂದು ಜೊತೆ ಈಸಿಕೊಂಡಳು. ಹಿಂಡಿ ನೋಡಿದಳು, ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಕುಂಟುತ್ತ ಗಡಿಗಲ್ಲಿನ ಹತ್ತಿರ ಹೋದಳು. ಮಂತ್ರಿ ನೆಡಿಸಿದ ಕಲ್ಲು, ಆಳೆತ್ತರ, ಮೈಮೇಲೆ ನಮಗೆ ಓದಲು ಬಾರದ ಅಕ್ಷರ. ಅದನ್ನು ಬೆಟ್ಟದಿಂದ ಹೊತ್ತು ತಂದವರು ನಮ್ಮ ಗಂಡಸರೇ. ಅಜ್ಜಿ ಕಾಲುಚೀಲಗಳನ್ನು ಅದರ ತಲೆಗೆ ಒಂದರ ಮೇಲೊಂದು ಎಳೆದು ತೊಡಿಸಿದಳು.

"ಇದ್ಕೇ ಜಾಸ್ತಿ ಚಳಿ ಕಣಪ್ಪ," ಅಂದಳು. "ಮಿಕ್ಕಿದ್ದು ನಿಮ್ ಬುದ್ದಿ ಅತ್ತೆಗೆ ಕೊಡು. ಕೆಮ್ಮಂತಲ್ಲ."

ಲೊರೆನ್ಸು ಹನ್ನೊಂದು ಜೊತೆ ಕಾಲುಚೀಲ ಎದೆಗವಚಿಕೊಂಡು ಕೆಸರಲ್ಲೇ ಕೂತಿದ್ದ. ಅಮಾರು ತಮಟೆಗೆ ಒಂದು ಪೆಟ್ಟು ಕೊಟ್ಟ. ನಾವು ಲಂಗವನ್ನು ಇನ್ನೊಂದು ಗೇಣು ಮೇಲಕ್ಕೆ ಎತ್ತಿಕೊಂಡು ದೋಣಿಕಟ್ಟೆಯ ಕಡೆ ಹೆಜ್ಜೆ ಹಾಕಿದೆವು. ಹಾಡು ಎಂದು ಯಾರೂ ಹೇಳಲಿಲ್ಲ. ದೆಲ್ಫಿನಾ ತಾನಾಗಿಯೇ ಎತ್ತಿಕೊಂಡಳು, ಲೊರೆನ್ಸುವಿನ ಅವ್ವನ ಹಾಡನ್ನೇ, ಮೊದಲ ಸಾಲಿನಿಂದ. ಈ ಸಲ ಅವನಿಗೆ ತಿಳಿಯುವ ಮಾತಿನಲ್ಲಿ.